ಕ್ಯಾರವಾನಿನಲ್ಲಿ ಕಡಲು, ಕಾಡು: ಕಡಿಮೆ ಓಡಿಸಿ, ಜಾಸ್ತಿ ನೋಡಿ

ಪ್ರಶ್ನೆ: ನಾವು ನಾಲ್ಕು ಜನ. ನಾವಿಬ್ಬರು, ಹದಿಮೂರು ವರ್ಷದ ಮಗ, ಒಂಬತ್ತು ವರ್ಷದ ಮಗಳು. ಮೊದಲ ಸಲ ಕ್ಯಾರವಾನ್ ಬಾಡಿಗೆಗೆ ತೆಗೆದುಕೊಂಡು ಹನ್ನೆರಡು ರಾತ್ರಿ ಕಡಲ ತೀರದ ಉದ್ದಕ್ಕೂ ಸುತ್ತಬೇಕು ಅಂತಿದ್ದೇವೆ. ಕಡಲ ಪಕ್ಕದ ಕಾಡು, ಬೀಚು, ಪ್ರಾಣಿ-ಪಕ್ಷಿ, ಇದೇ ನಮ್ಮ ಆಸೆ. ಯಾವ ದೇಶ ಅಂತ ಇನ್ನೂ ಗಟ್ಟಿಯಾಗಿಲ್ಲ. ಸದ್ಯದ ಪಟ್ಟಿಯಲ್ಲಿ ಒಂಬತ್ತು ಜಾಗ, ಒಟ್ಟು 1,900 ಕಿಲೋಮೀಟರ್ ಇದೆ. ಇದು ಆಗಿಬರುತ್ತದಾ? ಗಾಡಿಯನ್ನು ನೀರಿಗೆ ಎಷ್ಟು ಹತ್ತಿರ ನಿಲ್ಲಿಸಬಹುದು? ಪ್ರಾಣಿಗಳು ನಿಜಕ್ಕೂ ಕಾಣುತ್ತವಾ? ಮಗಳದ್ದೂ ಒಂದು ಪ್ರಶ್ನೆ ಇದೆ: ಚಿಪ್ಪು ಆರಿಸಿಕೊಂಡು ಬರಬಹುದಾ?

ಉತ್ತರ: ಮೊದಲು ಆ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ. ಒಂಬತ್ತು ಜಾಗ ಬೇಡ, ನಾಲ್ಕು ಸಾಕು. ಒಂದೊಂದರಲ್ಲಿ ಮೂರು ರಾತ್ರಿ ಇರಿ. ಹೀಗೆ ಹೇಳಿದರೆ ಬೇಜಾರಾಗುತ್ತದೆ, ಗೊತ್ತು. ಅಷ್ಟು ದೂರ ಹೋಗುತ್ತೇವೆ, ಅದನ್ನೂ ನೋಡಿಬಿಡೋಣ ಅಂತ ಯಾರಿಗಾದರೂ ಅನಿಸುತ್ತದೆ. ಹದಿನೆಂಟು ವರ್ಷದಿಂದ ಕ್ಯಾರವಾನಿನಲ್ಲಿ ಕಡಲ ತೀರ ಸುತ್ತುತ್ತಿದ್ದೇನೆ, ಜನರನ್ನು ಕರೆದುಕೊಂಡೂ ಹೋಗುತ್ತೇನೆ. ವಾಪಸ್ ಬಂದವರು "ಇನ್ನೊಂದು ಜಾಗ ನೋಡಬೇಕಿತ್ತು" ಅಂದಿದ್ದು ಅಪರೂಪ. "ಆ ಜಾಗದಲ್ಲಿ ಇನ್ನೊಂದು ದಿನ ಇರಬೇಕಿತ್ತು" ಅಂದವರೇ ಜಾಸ್ತಿ.

ಲೆಕ್ಕ ಹಾಕೋಣ. ಕಡಲ ಪಕ್ಕದ ರಸ್ತೆ ಅಂದರೆ ತಿರುವು, ಏರು, ಇಳಿಜಾರು. ಅಳಿವೆ ಸಿಕ್ಕಿದಲ್ಲೆಲ್ಲ ಒಳನಾಡಿಗೆ ಹೋಗಿ ಸೇತುವೆ ದಾಟಿ ಮತ್ತೆ ಹೊರಗೆ ಬರಬೇಕು. ಕ್ಯಾರವಾನಿನಲ್ಲಿ ಗಂಟೆಗೆ ಸರಾಸರಿ 50 ಕಿಲೋಮೀಟರ್ ಸಿಕ್ಕರೆ ದೊಡ್ಡದು. 1,900 ಕಿಲೋಮೀಟರಿಗೆ 38 ಗಂಟೆ ಆಯಿತು. ಜಾಗ ಬದಲಿಸಿದಾಗಲೆಲ್ಲ ಒಳಗಿನ ಸಾಮಾನು ಭದ್ರ ಮಾಡಬೇಕು, ಕೊಳೆನೀರು ಖಾಲಿ ಮಾಡಬೇಕು, ಒಳ್ಳೆ ನೀರು ತುಂಬಬೇಕು. ಹೊಸ ಜಾಗದಲ್ಲಿ ರಸಮಟ್ಟ ಇಟ್ಟು ಗಾಡಿ ಸರಿಯಾಗಿ ನಿಲ್ಲಿಸಬೇಕು. ಎರಡು ಗಂಟೆ ಸಲೀಸಾಗಿ ಹೋಗುತ್ತದೆ. ಒಂಬತ್ತು ಸಲಕ್ಕೆ 18 ಗಂಟೆ. ಒಟ್ಟು 56 ಗಂಟೆ. ಹಗಲು ಹನ್ನೆರಡು ಗಂಟೆ ಅಂದುಕೊಂಡರೂ ನಾಲ್ಕೂವರೆ ದಿನಕ್ಕಿಂತ ಜಾಸ್ತಿ.

ದಿನ ಹೋಗುವುದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ದಿನಾ ಜಾಗ ಬದಲಿಸುವವರು ಬೆಳಗ್ಗೆ ಸಾಮಾನು ಕಟ್ಟುತ್ತಿರುತ್ತಾರೆ, ಸಂಜೆ ಗಾಡಿ ನಿಲ್ಲಿಸಲು ಒದ್ದಾಡುತ್ತಿರುತ್ತಾರೆ. ಕಾಡಿನ ಪ್ರಾಣಿ, ತೀರದ ಹಕ್ಕಿ ಹೊರಗೆ ಬರುವುದು ಸರಿಯಾಗಿ ಈ ಎರಡು ಹೊತ್ತಿನಲ್ಲೇ. ನಡು ಮಧ್ಯಾಹ್ನ, ಎಲ್ಲವೂ ನೆರಳು ಸೇರಿ ಮಲಗಿರುವಾಗ, ಇವರು ಕ್ಯಾಮೆರಾ ಹಿಡಿದು ಕಾಡಿಗೆ ಹೋಗುತ್ತಾರೆ. ಆಮೇಲೆ "ಏನೂ ಕಾಣಲಿಲ್ಲ" ಅನ್ನುತ್ತಾರೆ. ಪ್ರಾಣಿ ಕಾಣುತ್ತವಾ ಅಂತ ಕೇಳಿದ್ದೀರಲ್ಲ, ಕಾಣುತ್ತವೆ. ಬೆಳಕು ಹರಿಯುವಾಗ ನೀವು ಎದ್ದು ಕೂತಿರಬೇಕು, ಅಷ್ಟೇ. ಕ್ಯಾರವಾನಿನ ನಿಜವಾದ ಉಪಯೋಗವೇ ಇದು. ಹೋಟೆಲಿನಿಂದ ಕತ್ತಲಲ್ಲಿ ಎದ್ದು ಹೊರಡಬೇಕಾದವರಿಗೆ ಸಿಗದಿದ್ದದ್ದು ನಿಮಗೆ ಬಾಗಿಲು ತೆಗೆದರೆ ಸಿಗುತ್ತದೆ.

ಹಾಗಾದರೆ ದಿನವನ್ನು ಹೇಗೆ ಜೋಡಿಸುವುದು? ಕಡಲ ತೀರದಲ್ಲಿ ಎರಡು ಗಡಿಯಾರ ನಡೆಯುತ್ತವೆ. ಒಂದು ಸೂರ್ಯನದು, ಇನ್ನೊಂದು ಚಂದ್ರನದು. ಸೂರ್ಯನದು ಎಲ್ಲರಿಗೂ ಗೊತ್ತು. ಚಂದ್ರನದ್ದನ್ನು ಮೊದಲ ಸಲ ಹೋಗುವವರು ಮರೆತೇಬಿಡುತ್ತಾರೆ.

ಹೆಚ್ಚಿನ ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಸಮಯ ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಬೆಳಗ್ಗೆ ಆರಕ್ಕೆ ಪೂರ್ತಿ ಇಳಿದಿದ್ದ ನೀರು ನಾಳೆ ಆರೂ ಐವತ್ತರ ಹೊತ್ತಿಗೆ ಇಳಿದಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ತುಂಬ ಮೇಲೆ ಬರುತ್ತದೆ, ಇಳಿತ ತುಂಬ ಕೆಳಗೆ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಎರಡೂ ಮಂದ. ಕೆಲವು ಕೊಲ್ಲಿಗಳಲ್ಲಿ ದಿನಕ್ಕೆ ಒಂದೇ ಉಬ್ಬರ. ಕೆನಡಾದ ಬೇ ಆಫ್ ಫಂಡಿಯಂಥ ಕಡೆ ನೀರು 16 ಮೀಟರ್‌ವರೆಗೂ ಏರಿಳಿಯುತ್ತದೆ, ಅದು ಐದಂತಸ್ತಿನ ಕಟ್ಟಡದ ಎತ್ತರ. ಹಾಗಾಗಿ ಹೋಗುವ ಜಾಗದ ಉಬ್ಬರ-ಇಳಿತದ ಪಟ್ಟಿಯನ್ನೇ ಹುಡುಕಿ ಇಟ್ಟುಕೊಳ್ಳಿ, ಪಕ್ಕದ ಊರಿನದು ಆಗಿಬರುವುದಿಲ್ಲ. ಮುದ್ರಿಸಿ ಕ್ಯಾರವಾನಿನ ಫ್ರಿಜ್ ಬಾಗಿಲಿಗೆ ಅಂಟಿಸಿ. ಕಡಲ ಪಕ್ಕದ ಕಾಡುಗಳಲ್ಲಿ ಮೊಬೈಲ್ ಸಿಗ್ನಲ್ ಇರುತ್ತದೆ ಅಂತ ನಂಬಬೇಡಿ.

ಈ ಪಟ್ಟಿಯೇ ನಿಮ್ಮ ದಿನಚರಿ. ಇಳಿತ ಬೆಳಗಿನ ಹೊತ್ತಿಗೆ ಬಿದ್ದಿದೆಯಾ? ಆ ದಿನ ಬಂಡೆಗಳ ನಡುವಿನ ನೀರಿನ ಗುಂಡಿ ನೋಡಲು ಹೋಗಿ. ಕಡಲ ಹೂ (ಸೀ ಅನಿಮೋನ್ ಅನ್ನುವ ಪ್ರಾಣಿ), ನಕ್ಷತ್ರಮೀನು, ಏಡಿ ಎಲ್ಲ ಅಲ್ಲೇ ಸಿಗುತ್ತವೆ. ಇಳಿತಕ್ಕೆ ಒಂದು ಗಂಟೆ ಮುಂಚೆ ಇಳಿಯಿರಿ, ನೀರು ತಿರುಗಿದ ಕೂಡಲೇ ಹಿಂದೆ ಬರಲು ಶುರು ಮಾಡಿ. ಬೆಳಗ್ಗೆ ಉಬ್ಬರವಿದ್ದರೆ ಹಕ್ಕಿ ನೋಡುವ ದಿನ ಅದು. ಕೆಸರು ಬಯಲು ಮುಳುಗಿದಾಗ ಅಲ್ಲಿ ಮೇಯುತ್ತಿದ್ದ ಗೊರವ ಅನ್ನುವ ತೀರದ ಹಕ್ಕಿಗಳೆಲ್ಲ ಉಳಿದ ಚೂರು ಮರಳಿನ ಮೇಲೆ ಒತ್ತೊತ್ತಾಗಿ ಬಂದು ನಿಲ್ಲುತ್ತವೆ. ಆಗ ನೀವು ಹುಡುಕಿಕೊಂಡು ಹೋಗಬೇಕಾಗಿಲ್ಲ, ದೂರದಲ್ಲಿ ಕೂತು ದುರ್ಬೀನು ಹಿಡಿದರೆ ಸಾಕು.

ಇಲ್ಲಿ ಒಂದು ಎಚ್ಚರಿಕೆ. ನೀರು ಒಂದೇ ಸಮನಾಗಿ ಏರುವುದಿಲ್ಲ. ಆರು ಗಂಟೆಯ ಉಬ್ಬರದಲ್ಲಿ ಮೊದಲ ಗಂಟೆ ಏನೂ ಆಗದ ಹಾಗೆ ಕಾಣುತ್ತದೆ. ಮೂರನೇ, ನಾಲ್ಕನೇ ಗಂಟೆ, ಈ ಎರಡೇ ಗಂಟೆಯಲ್ಲಿ ಒಟ್ಟು ನೀರಿನ ಅರ್ಧದಷ್ಟು ಬಂದುಬಿಡುತ್ತದೆ. ಕಡಲಿಗೆ ಚಾಚಿಕೊಂಡ ಬಂಡೆಯ ಮೂಲೆ ಸುತ್ತಿಕೊಂಡು ಆಚೆ ಬೀಚಿಗೆ ಹೋದವರು ಸಿಕ್ಕಿಹಾಕಿಕೊಳ್ಳುವುದು ಹೀಗೆ. ಹೋಗುವಾಗ ಪಾದ ಒದ್ದೆಯಾಗಿರಲಿಲ್ಲ, ಬರುವಾಗ ಎದೆಮಟ್ಟ ನೀರು. ಅಮೆರಿಕದ ಒಲಿಂಪಿಕ್ ನ್ಯಾಷನಲ್ ಪಾರ್ಕ್ ತೀರದಲ್ಲಿ ಇಂಥ ಮೂಲೆಗಳು ತುಂಬ ಇವೆ. ಅಲ್ಲಿ ನಡೆಯುವವರು ಉಬ್ಬರದ ಪಟ್ಟಿ ಜೇಬಿನಲ್ಲಿ ಇಲ್ಲದೆ ಹೊರಡುವುದಿಲ್ಲ.

ಈಗ ಕಾಡಿನ ವಿಷಯ. ಕಡಲ ಪಕ್ಕದ ಕಾಡು ಅಂದರೆ ಒಂದೇ ಥರದ್ದಲ್ಲ. ನನಗೆ ಅತಿ ಇಷ್ಟವಾದದ್ದು ಕಾಂಡ್ಲಾ ಕಾಡು, ಅಂದರೆ ಮ್ಯಾಂಗ್ರೋವ್. ಪ್ರವಾಸಕ್ಕೆ ಹೋದವರು ಅದನ್ನು "ಬರೀ ಕೆಸರು" ಅಂತ ದಾಟಿಕೊಂಡು ಹೋಗುತ್ತಾರೆ, ನನಗೆ ಹೊಟ್ಟೆ ಉರಿಯುತ್ತದೆ. ಇಳಿತದ ಹೊತ್ತಿನಲ್ಲಿ ಹಲಗೆಯ ಕಾಲುದಾರಿ ಇರುವ ಒಂದು ಕಾಂಡ್ಲಾ ಕಾಡಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಹಲಗೆಯ ಮೇಲೆ ಕೂತು ಹತ್ತು ನಿಮಿಷ ಅಲುಗಾಡಬೇಡಿ. ಗಡಿಯಾರ ನೋಡಿ ಹತ್ತು ನಿಮಿಷ. ಮೊದಲು ಕಿವಿಗೆ ಬೀಳುವುದು ಚಿಟ್ ಚಿಟ್ ಅನ್ನುವ ಸದ್ದು. ಆಮೇಲೆ ನೀವು ಬಂದಾಗ ಬಿಲ ಸೇರಿದ್ದ ಪಿಟೀಲು ಏಡಿಗಳು ಒಂದೊಂದಾಗಿ ಹೊರಗೆ ಬರುತ್ತವೆ. ಗಂಡಿಗೆ ಒಂದು ಕೊಂಡಿ ಮೈಗಿಂತ ದೊಡ್ಡದು. ಅದನ್ನು ಮೇಲೆತ್ತಿ, ಬೀಸಿ, ಕೆಳಗಿಳಿಸಿ, ಮತ್ತೆ ಮೇಲೆತ್ತುತ್ತದೆ. ಹೆಣ್ಣನ್ನು ಕರೆಯುವ ರೀತಿ ಅದು. ಚಿಕ್ಕ ಕೊಂಡಿಯಿಂದ ಕೆಸರು ಬಾಯಿಗೆ ಹಾಕಿಕೊಂಡು, ತಿನ್ನುವುದನ್ನು ತಿಂದು, ಉಳಿದದ್ದನ್ನು ಸಾಸಿವೆಯಷ್ಟು ಉಂಡೆ ಮಾಡಿ ಬಿಸಾಡುತ್ತದೆ. ಬಿಲದ ಸುತ್ತ ಅಂಥ ನೂರಾರು ಉಂಡೆ. ಮಡ್‌ಸ್ಕಿಪ್ಪರ್ ಅನ್ನುವ ಮೀನು ಕೆಸರಿನ ಮೇಲೆ ಮುಂದಿನ ಈಜುರೆಕ್ಕೆ ಊರಿಕೊಂಡು ತೆವಳುತ್ತದೆ, ಕಪ್ಪೆಯಂಥ ಕಣ್ಣು ಹೊರಳಿಸುತ್ತದೆ. ಮೀನು ನೀರಿನ ಹೊರಗೆ ಓಡಾಡುವುದನ್ನು ಕಣ್ಣಾರೆ ಕಂಡ ಮಗು ಅದನ್ನು ಮರೆಯುವುದಿಲ್ಲ.

ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ಮೇಲೆದ್ದಿರುವ ಕಡ್ಡಿಗಳನ್ನೂ ಮಗನಿಗೆ ತೋರಿಸಿ. ಅವು ಬೇರುಗಳು. ಕೆಸರಿನೊಳಗೆ ಆಮ್ಲಜನಕ ಇಲ್ಲ, ಹಾಗಾಗಿ ಬೇರೇ ಮೇಲೆ ಬಂದು ಉಸಿರಾಡುತ್ತದೆ. ಕೆಲವು ಜಾತಿಯ ಎಲೆಯನ್ನು ನಾಲಿಗೆಯ ತುದಿಗೆ ತಾಗಿಸಿದರೆ ಉಪ್ಪು. ಮರ ಹೀರಿದ ಉಪ್ಪನ್ನು ಎಲೆಯ ಮೂಲಕ ಹೊರಹಾಕಿರುತ್ತದೆ. ಎಲ್ಲ ಎಲೆಯನ್ನೂ ನೆಕ್ಕಬೇಡಿ ಮತ್ತೆ, ಒಂದು ಜಾತಿಯ ಹಾಲು ಕಣ್ಣಿಗೆ ಬಿದ್ದರೆ ಕಣ್ಣೇ ಹಾಳಾಗುವಷ್ಟು ಕೆಟ್ಟದ್ದು. ಗೊತ್ತಿರುವವರು ಜೊತೆಗಿದ್ದರೆ ಮಾತ್ರ.

ತಂಪು ದೇಶಗಳ ಕರಾವಳಿ ಕಾಡು ಬೇರೆಯದೇ ಲೋಕ. ಒಲಿಂಪಿಕ್‌ನ ಹೋ ಮಳೆಕಾಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಕೊಂಬೆಗಳಿಂದ ಪಾಚಿ ಗಡ್ಡದ ಹಾಗೆ ಜೋತಾಡುತ್ತದೆ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳು ಬೇಸಿಗೆಯಲ್ಲಿ ಮಳೆಯಿಲ್ಲದೆಯೂ ಬದುಕುತ್ತವೆ, ಯಾಕೆಂದರೆ ಕಡಲಿನಿಂದ ಬರುವ ಮಂಜನ್ನು ಎಲೆಯಲ್ಲಿ ಹಿಡಿದು ಹನಿಯಾಗಿ ಕೆಳಗೆ ಇಳಿಸಿಕೊಳ್ಳುತ್ತವೆ. ಅಂಥ ಕಡೆ "ಇವತ್ತು ಮಂಜು, ಏನೂ ಕಾಣಲ್ಲ" ಅಂತ ಒಳಗೆ ಕೂರಬೇಡಿ. ಮಂಜಿನ ದಿನವೇ ಹೋಗಿ. ಹೊರಗೆ ಮಳೆಯಿಲ್ಲದಿದ್ದರೂ ಕಾಡಿನೊಳಗೆ ಟಪ್ ಟಪ್ ಅಂತ ಹನಿ ಬೀಳುತ್ತಿರುತ್ತದೆ.

ಯಾವ ದೇಶವಾದರೂ ಒಂದನ್ನು ಗಮನಿಸಿ. ತೀರದ ಮೊದಲ ಸಾಲಿನ ಮರಗಳು ಬಾಚಣಿಗೆಯಲ್ಲಿ ಬಾಚಿದ ಹಾಗೆ ಒಳನಾಡಿನ ಕಡೆ ವಾಲಿರುತ್ತವೆ. ಗಾಳಿ ಬಗ್ಗಿಸಿದ್ದು ಅಂತ ನಾವು ಅಂದುಕೊಳ್ಳುತ್ತೇವೆ. ಕಡಲ ಕಡೆಯ ಚಿಗುರನ್ನು ಉಪ್ಪಿನ ತುಂತುರು ಸುಟ್ಟುಹಾಕಿರುವುದೂ ಅದಕ್ಕೆ ಕಾರಣ. ಬದುಕಿದ್ದು ಆಚೆ ಬದಿಯ ಚಿಗುರು ಮಾತ್ರ. ಗಾಡಿ ನಿಲ್ಲಿಸುವ ಜಾಗದಲ್ಲಿ ಇಂಥ ಮರ ಕಂಡರೆ ಅಲ್ಲಿ ಗಾಳಿ ಯಾವ ಕಡೆಯಿಂದ ಹೊಡೆಯುತ್ತದೆ ಅಂತ ಮರವೇ ಹೇಳಿದ ಹಾಗೆ. ಕ್ಯಾರವಾನಿನ ಬಾಗಿಲು ಅದರ ವಿರುದ್ಧ ದಿಕ್ಕಿಗೆ ಬರಲಿ.

ಅಲ್ಲಿಂದ ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ, ನೀರಿಗೆ ಎಷ್ಟು ಹತ್ತಿರ. ಚಿತ್ರಗಳಲ್ಲಿ ಅಲೆಯ ಪಕ್ಕದಲ್ಲೇ ಕ್ಯಾರವಾನ್ ನಿಂತಿರುತ್ತದೆ. ಹಾಗೆ ಮಾಡಬೇಡಿ. ಮರಳಿಗೆ ಇಳಿಸುವುದಂತೂ ಬೇಡವೇ ಬೇಡ. ಬಾಡಿಗೆ ಕರಾರಿನಲ್ಲಿ ಸಾಮಾನ್ಯವಾಗಿ ಬೀಚಿನ ಮೇಲೆ ಓಡಿಸಬಾರದು ಅಂತ ಇರುತ್ತದೆ, ಸಿಕ್ಕಿಹಾಕಿಕೊಂಡರೆ ವಿಮೆಯೂ ಬರುವುದಿಲ್ಲ. ಆಸ್ಟ್ರೇಲಿಯಾದ ಕಗಾರಿ ದ್ವೀಪದಲ್ಲಿ ಬೀಚೇ ರಸ್ತೆ ಅನ್ನುವುದು ನಿಜ. ಅದು ಜಗತ್ತಿನ ಅತಿ ದೊಡ್ಡ ಮರಳು ದ್ವೀಪ. ಅಲ್ಲಿಗೆ ಫೋರ್‌ವ್ಹೀಲ್ ಡ್ರೈವ್ ಬೇಕು, ಟೈರಿನ ಗಾಳಿ ಇಳಿಸಿ ಓಡಿಸುವ ಅಭ್ಯಾಸ ಬೇಕು, ಇಳಿತದ ಸಮಯ ಗೊತ್ತಿರಬೇಕು. ಕ್ಯಾರವಾನನ್ನು ಈಚೆ ದಡದಲ್ಲಿ ಬಿಟ್ಟು ಒಂದು ದಿನದ ಮಟ್ಟಿಗೆ ಅಲ್ಲಿನವರ ಗಾಡಿಯಲ್ಲಿ ಹೋಗಿಬನ್ನಿ.

ನಿಲ್ಲಿಸುವ ಜಾಗ ಮರಳು ದಿಬ್ಬದ ಹಿಂದೆ ಇರಲಿ, ದಿಬ್ಬದ ಮೇಲೆ ಬೇಡ. ದಿಬ್ಬವನ್ನು ಹಿಡಿದಿಟ್ಟಿರುವುದು ಅದರ ಮೇಲೆ ಹಬ್ಬಿದ ಬಳ್ಳಿ, ಹುಲ್ಲು. ಮೇಕೆಯ ಗೊರಸಿನಂತೆ ಸೀಳಿದ ಎಲೆ, ನೇರಳೆ ಹೂವು ಇರುವ ಬಳ್ಳಿ ಬಿಸಿ ದೇಶದ ತೀರಗಳಲ್ಲೆಲ್ಲ ಸಿಗುತ್ತದೆ. ಚಕ್ರ ಒಂದು ಸಲ ಹಾದರೆ ಬಳ್ಳಿ ಹರಿಯುತ್ತದೆ, ಆ ಗೀರಿನಿಂದ ಗಾಳಿ ಮರಳನ್ನು ಹೊತ್ತುಕೊಂಡು ಹೋಗುತ್ತದೆ. ನಡೆಯುವಾಗಲೂ ಹಾಕಿರುವ ಕಾಲುದಾರಿಯಲ್ಲೇ ಹೋಗಿ.

ಉತ್ತರ ಆಸ್ಟ್ರೇಲಿಯಾದಂಥ ಮೊಸಳೆಯ ನಾಡಾದರೆ ನಿಯಮ ಇನ್ನೂ ಬಿಗಿ. ಅಲ್ಲಿನ ಕ್ವೀನ್ಸ್‌ಲ್ಯಾಂಡ್ ರಾಜ್ಯ ಸರ್ಕಾರದ ಸೂಚನೆಯಂತೆ ಬಿಡಾರ ನೀರಿನಂಚಿನಿಂದ ಕನಿಷ್ಠ 50 ಮೀಟರ್ ದೂರ, ಉಬ್ಬರದ ಗುರುತಿಗಿಂತ ಕನಿಷ್ಠ 2 ಮೀಟರ್ ಎತ್ತರದಲ್ಲಿರಬೇಕು. ಅಳಿವೆಯ ಅಂಚಿನಲ್ಲಿ ಪಾತ್ರೆ ತೊಳೆಯುವುದು, ಮೀನು ಹೆರೆಯುವುದು, ದಿನಾ ಅದೇ ಜಾಗದಲ್ಲಿ ನೀರಿಗಿಳಿಯುವುದು ಮಾಡಲೇಬಾರದು. ಮೊಸಳೆ ನಿಮ್ಮ ದಿನಚರಿಯನ್ನು ಗಮನಿಸುತ್ತದೆ.

ಮೇಲೆಯೂ ನೋಡಿ. ತೆಂಗಿನ ಮರದ ಬುಡ, ಒಣಗಿದ ಕೊಂಬೆ ಇರುವ ದೊಡ್ಡ ಮರದ ಬುಡ ಬೇಡ. ನೀಲಗಿರಿ ಜಾತಿಯ ಮರಗಳು ಗಾಳಿಯಿಲ್ಲದ ದಿನವೂ ತೊಲೆಯಂಥ ಕೊಂಬೆ ಕಳಚಿ ಹಾಕುತ್ತವೆ. ಕಾಂಡ್ಲಾ ಕಾಡಿಗೆ ಒತ್ತಿಕೊಂಡೂ ನಿಲ್ಲಿಸಬೇಡಿ. ಅಲ್ಲಿನ ನುಸಿ ಮುಸ್ಸಂಜೆಗೆ ಹೊರಗೆ ಬಂದರೆ ಮಕ್ಕಳ ಕಾಲು ಕೆಂಪಾಗಿ ಊದುತ್ತದೆ. ಅವು ಸೊಳ್ಳೆ ಪರದೆಯ ಕಣ್ಣಿನಲ್ಲೂ ನುಸುಳುವಷ್ಟು ಸಣ್ಣ, ಆದರೆ ಹಾರುವುದರಲ್ಲಿ ತುಂಬ ದುರ್ಬಲ. ಸ್ವಲ್ಪ ಗಾಳಿಯಾಡುವ ಜಾಗವಾದರೆ ಹತ್ತಿರ ಬರಲಾರವು.

ಗಾಳಿ ಅಂದಾಗ ನನ್ನದೇ ಒಂದು ಅನುಭವ ಹೇಳಬೇಕು. ಕ್ಯಾರವಾನಿನ ಪಕ್ಕಕ್ಕೆ ಬಿಚ್ಚಿಕೊಳ್ಳುವ ಬಟ್ಟೆಯ ಚಪ್ಪರ ಇರುತ್ತದಲ್ಲ, ಒಂದು ರಾತ್ರಿ ಅದನ್ನು ಹಾಗೇ ಬಿಟ್ಟು ಮಲಗಿದ್ದೆ. ಮಲಗುವಾಗ ಎಲೆ ಅಲ್ಲಾಡುತ್ತಿರಲಿಲ್ಲ. ಹಗಲು ಕಡಲಿನಿಂದ ಬೀಸುವ ಗಾಳಿ ರಾತ್ರಿ ತಿರುಗಿ ನೆಲದಿಂದ ಕಡಲಿಗೆ ಬೀಸುತ್ತದೆ, ಹಿಂದೆ ಗುಡ್ಡವಿದ್ದರೆ ಇನ್ನೂ ಜೋರು. ಎರಡು ಗಂಟೆಯ ಹೊತ್ತಿಗೆ ಢಬ್ ಅಂತ ಸದ್ದು. ಚಪ್ಪರ ಮೇಲೆದ್ದು ಗಾಡಿಯ ಮಾಡಿನ ಮೇಲೆ ಬಿದ್ದಿತ್ತು. ಕಬ್ಬಿಣದ ತೋಳು ಮಗ ಮಲಗಿದ್ದ ಕಿಟಕಿಗೆ ಒಂದು ಗೇಣು ದೂರದಲ್ಲಿ ನೇತಾಡುತ್ತಿತ್ತು. ಅವತ್ತಿನಿಂದ ಇವತ್ತಿನವರೆಗೆ ಚಪ್ಪರ ಸುತ್ತಿಡದೆ ನಾನು ಮಲಗಿಲ್ಲ. ಹೊರಗೆ ಹೋಗುವಾಗಲೂ ಸುತ್ತಿಟ್ಟೇ ಹೋಗುತ್ತೇನೆ.

ಓಡಿಸುವುದರ ಬಗ್ಗೆ ಸ್ವಲ್ಪ. ಹನ್ನೆರಡು ರಾತ್ರಿಗೆ, ಮೊದಲ ಸಲಕ್ಕೆ, ಕಾರಿನ ಹಿಂದೆ ಎಳೆಯುವ ಕ್ಯಾರವಾನಿಗಿಂತ ಎಂಜಿನ್ ಇರುವ ಒಂದೇ ಗಾಡಿ ಒಳ್ಳೆಯದು. ಎಳೆಯುವುದೇ ಆದರೆ ಭಾರದ ಸಾಮಾನು ಕೆಳಗೆ, ಅಚ್ಚಿನ ಮೇಲೆ ಬರುವಂತೆ ಇಡಿ. ಹಿಂಭಾಗಕ್ಕೆ ಭಾರ ತುಂಬಿದರೆ ಕ್ಯಾರವಾನ್ ಹಾವಿನ ಬಾಲದ ಹಾಗೆ ಓಲಾಡುತ್ತದೆ. ಓಲಾಡಲು ಶುರುವಾದರೆ ಬ್ರೇಕ್ ಒತ್ತಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಿ. ನೀರು ಲೀಟರಿಗೆ ಒಂದು ಕಿಲೋ ಅನ್ನುವುದೂ ನೆನಪಿರಲಿ. ನೂರು ಲೀಟರ್ ಟ್ಯಾಂಕ್ ತುಂಬಿದರೆ ಇನ್ನೊಬ್ಬ ದಪ್ಪ ಮನುಷ್ಯ ಹತ್ತಿದ ಹಾಗೆ.

ಮುಸ್ಸಂಜೆಗೆ ಮುಂಚೆ, ಕಡಿಮೆಯೆಂದರೆ ಒಂದು ಗಂಟೆ ಮುಂಚೆ, ಗಾಡಿ ನಿಂತಿರಬೇಕು. ಕಾಡಿನ ರಸ್ತೆಯಲ್ಲಿ ಜಿಂಕೆ, ಕಾಂಗರೂ ಅಡ್ಡ ಬರುವುದು ಆಗಲೇ. ಕ್ಯಾರವಾನ್ ಕಾರಿನಷ್ಟು ಬೇಗ ನಿಲ್ಲುವುದಿಲ್ಲ.

ಒಳಗೆ ಗ್ಯಾಸ್ ಒಲೆ ಹಚ್ಚುವಾಗ ಕಿಟಕಿ ತೆರೆದಿರಲಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಅದಕ್ಕೇ ನೆಲದ ಹತ್ತಿರ ಗಾಳಿಕಂಡಿ ಇಟ್ಟಿರುತ್ತಾರೆ. ಗಾಳಿ ಬರುತ್ತದೆ, ಮರಳು ಬರುತ್ತದೆ ಅಂತ ಟವೆಲ್ ತುರುಕಿ ಮುಚ್ಚುವವರನ್ನು ನೋಡಿದ್ದೇನೆ. ದಯವಿಟ್ಟು ಮುಚ್ಚಬೇಡಿ. ಚಳಿಗೆ ಅಂತ ಒಲೆ ಹಚ್ಚಿಟ್ಟು ಮಲಗುವುದಂತೂ ಪ್ರಾಣಕ್ಕೇ ಕುತ್ತು. ಸೋಲಾರ್ ಫಲಕವಿದ್ದರೆ ಕಾಡಿನ ನೆರಳಲ್ಲಿ ಅದು ಕೆಲಸ ಮಾಡುವುದಿಲ್ಲ ಅಂತ ಲೆಕ್ಕ ಹಾಕಿ, ಕಾಡಿನ ಮೂರು ರಾತ್ರಿಗೆ ಕರೆಂಟ್ ಕೊಡುವ ಕ್ಯಾಂಪ್ ಹುಡುಕಿ. ಕಡಲ ಪಕ್ಕದಿಂದ ಹೊರಡುವ ದಿನ ಗಾಡಿಯ ತಳ, ಕೊಂಡಿ, ಮೆಟ್ಟಿಲಿಗೆ ಸಿಹಿನೀರು ಹೊಯ್ದು ಉಪ್ಪು ತೊಳೆಯಿರಿ. ಹಿಂದಿನ ದೀಪದ ಪ್ಲಗ್ ಬಿಚ್ಚಿ ನೋಡಿ. ಪಿನ್ನುಗಳ ಮೇಲೆ ಹಸಿರು ಕಿಲುಬು ಕಂಡರೆ ಒಣ ಬಟ್ಟೆಯಲ್ಲಿ ಉಜ್ಜಿ, ಇಲ್ಲದಿದ್ದರೆ ದಾರಿಯಲ್ಲಿ ಬ್ರೇಕ್ ಲೈಟ್ ಕೈಕೊಡುತ್ತದೆ. ಪಾತ್ರೆ ತೊಳೆದ ನೀರು, ಟಾಯ್ಲೆಟ್ ಡಬ್ಬಿ ಎರಡನ್ನೂ ಅದಕ್ಕೆಂದೇ ಇರುವ ಜಾಗದಲ್ಲಿ ಮಾತ್ರ ಖಾಲಿ ಮಾಡಿ. ಪೊದೆಯ ಹಿಂದೆ ಚೆಲ್ಲಿದ್ದು ಎರಡು ಮಳೆಯೊಳಗೆ ಅಳಿವೆ ಸೇರುತ್ತದೆ, ಮೀನಿನ ಮರಿ ಬೆಳೆಯುವುದು ಅಲ್ಲೇ.

ಇನ್ನು ಪ್ರಾಣಿಗಳು. ಕಾಡು ಕಡಲಿಗೆ ತಾಗುವ ಕಡೆ ಅಪರೂಪದ ನೋಟಗಳು ಸಿಗುತ್ತವೆ. ಕ್ವೀನ್ಸ್‌ಲ್ಯಾಂಡಿನ ಕೇಪ್ ಹಿಲ್ಸ್‌ಬರೋದಲ್ಲಿ ಬೆಳಕು ಹರಿಯುವಾಗ ಕಾಂಗರೂ, ಅದರದೇ ಜಾತಿಯ ಸಣ್ಣ ವಾಲಬಿಗಳು ಬೀಚಿಗೆ ಇಳಿಯುತ್ತವೆ. ಅಲೆ ತಂದುಹಾಕಿದ ಕಾಂಡ್ಲಾ ಬೀಜ, ಕಡಲಕಳೆ ತಿನ್ನಲು ಬರುತ್ತವೆ. ಸೂರ್ಯ ಮೇಲೇರಿದರೆ ವಾಪಸ್ ಕಾಡಿಗೆ. ಆಫ್ರಿಕಾದ ಗಬಾನ್ ದೇಶದ ಲೋಆಂಗೊದಲ್ಲಿ ಆನೆಗಳೇ ಬೀಚಿನ ಮೇಲೆ ನಡೆಯುತ್ತವೆ, ಅದು ಕ್ಯಾರವಾನಿನ ಜಾಗವಲ್ಲ ಬಿಡಿ.

ಎಷ್ಟು ದೂರ ನಿಲ್ಲಬೇಕು ಅಂದರೆ, ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಸಾಮಾನ್ಯವಾಗಿ ಹೇಳುವುದು ಹೆಚ್ಚಿನ ಪ್ರಾಣಿಗಳಿಗೆ 25 ಗಜ, ಕರಡಿ-ತೋಳಕ್ಕೆ 100 ಗಜ. ಬೇರೆ ಕಡೆಗೂ ಇದು ಒಳ್ಳೆ ಅಂದಾಜು. ಅದಕ್ಕಿಂತ ಒಳ್ಳೆಯ ಅಳತೆ ಪ್ರಾಣಿಯ ತಲೆ. ಮೇಯುತ್ತಿದ್ದ ಹಕ್ಕಿ ತಲೆಯೆತ್ತಿ ನಿಮ್ಮನ್ನೇ ನೋಡಿತಾ, ಮಲಗಿದ್ದ ಸೀಲ್ ಕತ್ತೆತ್ತಿತಾ, ನೀವು ಆಗಲೇ ಜಾಸ್ತಿ ಹತ್ತಿರ ಬಂದಿದ್ದೀರಿ. ಎರಡು ಹೆಜ್ಜೆ ಹಿಂದೆ ಸರಿದು ಕೂತುಕೊಳ್ಳಿ. ಅದು ಮತ್ತೆ ತಲೆ ತಗ್ಗಿಸಿದರೆ ಅಲ್ಲೇ ಇರಿ.

ಬೀಚಿನಲ್ಲಿ ಹಕ್ಕಿಗಳ ಗುಂಪು ಕಂಡರೆ ಮಕ್ಕಳಿಗೆ ಓಡಿಹೋಗಿ ಹಾರಿಸುವ ಆಸೆ. ಅವರಿಗೆ ಒಂದು ಹಕ್ಕಿಯ ಕತೆ ಹೇಳಿ. 2022ರ ಅಕ್ಟೋಬರಿನಲ್ಲಿ ಬಾರ್-ಟೇಲ್ಡ್ ಗಾಡ್‌ವಿಟ್ ಅನ್ನುವ ಗೊರವ ಅಲಾಸ್ಕಾದಿಂದ ಹೊರಟು ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಇಳಿಯಿತು. 13,560 ಕಿಲೋಮೀಟರ್, ಹನ್ನೊಂದು ದಿನ, ಎಲ್ಲೂ ಇಳಿಯದೆ, ಏನೂ ತಿನ್ನದೆ. ಆಗ ಅದಕ್ಕೆ ಸುಮಾರು ಐದು ತಿಂಗಳು ವಯಸ್ಸು, ಮೈಗೆ ಸಣ್ಣ ಟ್ರಾನ್ಸ್‌ಮಿಟರ್ ಕಟ್ಟಿದ್ದರಿಂದ ಗೊತ್ತಾಯಿತು. ಇಂಥ ಪಯಣಕ್ಕೆ ಬೇಕಾದ ಕೊಬ್ಬನ್ನು ಈ ಹಕ್ಕಿಗಳು ಕೂಡಿಡುವುದು ಬೀಚಿನಲ್ಲಿ ಮೇಯುವಾಗಲೇ. ಒಂದೊಂದು ಸಲ ಬೆದರಿಸಿ ಹಾರಿಸಿದಾಗಲೂ ಅದರಲ್ಲಿ ಚೂರು ಖರ್ಚಾಗುತ್ತದೆ. ಇದನ್ನು ಹೇಳಿದ ಮೇಲೆ ನಾನು ಕರೆದುಕೊಂಡು ಹೋದ ಮಕ್ಕಳಲ್ಲಿ ಒಬ್ಬರೂ ಹಕ್ಕಿಯ ಹಿಂದೆ ಓಡಿದ್ದಿಲ್ಲ.

ಕಡಲಾಮೆ ಮೊಟ್ಟೆಯಿಡುವ ತೀರಕ್ಕೆ ಹೋದರೆ ನಿಮ್ಮ ಕ್ಯಾರವಾನೇ ದೊಡ್ಡ ತೊಂದರೆ ಆಗಬಹುದು. ಈಗಿನ ಗಾಡಿಗಳಿಗೆ ಪಕ್ಕದಲ್ಲಿ ಉದ್ದಕ್ಕೂ ಬಿಳಿ ಎಲ್‌ಇಡಿ ಇರುತ್ತದೆ. ಮೊಟ್ಟೆಯೊಡೆದು ಬಂದ ಮರಿ ರಾತ್ರಿಯಲ್ಲಿ ಬೆಳಕು ಜಾಸ್ತಿಯಿರುವ ಕಡೆಗೆ ಹೋಗುತ್ತದೆ. ಕತ್ತಲ ತೀರದಲ್ಲಿ ಅದು ಕಡಲೇ. ನಿಮ್ಮ ದೀಪ ಉರಿಯುತ್ತಿದ್ದರೆ ಅದು ನಿಮ್ಮ ಗಾಡಿ. ಮೊಟ್ಟೆಯಿಡಲು ಬಂದ ತಾಯಿಯೂ ಬೆಳಕು ಕಂಡು ಹಾಗೇ ವಾಪಸ್ ಹೋಗುವುದುಂಟು. ಕಡಲ ಕಡೆಯ ಪರದೆ ಇಳಿಸಿ, ಹೊರಗಿನ ದೀಪ ಆರಿಸಿ, ನಡೆಯಲು ಮಂದ ಕೆಂಪು ಟಾರ್ಚ್ ಇಟ್ಟುಕೊಳ್ಳಿ. ಆಮೆ ನೋಡಲು ಅಲ್ಲಿನ ಅರಣ್ಯ ಇಲಾಖೆಯೋ ಸಂರಕ್ಷಣೆಯವರೋ ಕರೆದುಕೊಂಡು ಹೋಗುವ ಗುಂಪಿನ ಜೊತೆ ಮಾತ್ರ ಹೋಗಿ. ಹಾಗೆ ಹೋದ ಒಂದು ರಾತ್ರಿ ನಾನು ಮರಳಿನ ಮೇಲೆ ಬೋರಲು ಮಲಗಿ ನೋಡಿದ್ದೇನೆ. ಹಿಂದಿನ ಈಜುಗಾಲನ್ನು ಆಮೆ ಬೊಗಸೆಯ ಹಾಗೆ ಮಡಿಸುತ್ತದೆ. ಒಂದು ಬೊಗಸೆ ಮರಳು ಎತ್ತಿ ಪಕ್ಕಕ್ಕಿಡುತ್ತದೆ, ಆಮೇಲೆ ಇನ್ನೊಂದು ಕಾಲು. ಕಣ್ಣಿಗೆ ಕಾಣದ ಗುಂಡಿಯನ್ನು ಹಿಂದಿನ ಕಾಲಿನಿಂದಲೇ ತಡವಿ ಅಷ್ಟು ನೀಟಾಗಿ ತೋಡುತ್ತದೆ. ನಡುನಡುವೆ ಉಸಿರು ಬಿಡುವ ಸದ್ದು, ದಣಿದ ಮನುಷ್ಯರು ಬಿಟ್ಟ ಹಾಗೇ.

ಯಾವ ಪ್ರಾಣಿಗೂ ತಿಂಡಿ ಹಾಕಬೇಡಿ, ಊಟದ ಸಾಮಾನು ಹೊರಗೆ ಇಡಬೇಡಿ. ಕಗಾರಿಯಲ್ಲಿ ಜನರ ಊಟಕ್ಕೆ ಒಗ್ಗಿಹೋದ ಡಿಂಗೊ ನಾಯಿಗಳು ಮೈಮೇಲೆ ಬಿದ್ದು, ಕೊನೆಗೆ ಅವನ್ನೇ ಕೊಲ್ಲಬೇಕಾಗಿ ಬಂದದ್ದಿದೆ.

ಮಕ್ಕಳು ನೀರಿಗಿಳಿಯುವಾಗ ಕಾವಲುಗಾರರಿರುವ ಬೀಚನ್ನೇ ಆರಿಸಿಕೊಳ್ಳಿ. ಅಲೆಗಳ ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯದೆ, ನೀರು ಕಪ್ಪಗೆ, ಶಾಂತವಾಗಿ ಕಂಡರೆ ಅದು ಸುರಕ್ಷಿತ ಜಾಗವಲ್ಲ, ಸೆಳೆತ. ಸಿಕ್ಕಿಕೊಂಡರೆ ದಡದ ಕಡೆ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ಒಳಗೆ ಬರಬೇಕು. ಇದನ್ನು ಮಗನಿಗೆ ಮನೆಯಲ್ಲೇ, ಹೊರಡುವ ಮುಂಚೆಯೇ, ಚಿತ್ರ ಬರೆದು ತೋರಿಸಿ.

ದೇಶ ಯಾವುದು ಅಂತ ನನ್ನನ್ನು ಕೇಳಿದರೆ, ಮೊದಲ ಸಲಕ್ಕೆ ಆಸ್ಟ್ರೇಲಿಯಾದ ಗ್ರೇಟ್ ಓಷನ್ ರೋಡ್ ಹೇಳುತ್ತೇನೆ. 243 ಕಿಲೋಮೀಟರ್ ಅಷ್ಟೇ. ಮೊದಲ ಮಹಾಯುದ್ಧದಿಂದ ವಾಪಸಾದ ಸೈನಿಕರು 1919ರಿಂದ 1932ರವರೆಗೆ ಕಟ್ಟಿದ ರಸ್ತೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಆಟ್‌ವೇ ಮಳೆಕಾಡು, ಮರದ ಮೇಲೆ ಕೋಲಾ. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಹೋದರೆ ಪಶ್ಚಿಮದ ತುದಿಯ ವಾರ್ನಂಬೂಲ್ ತೀರಕ್ಕೆ ಮರಿ ಹಾಕಲು ತಿಮಿಂಗಿಲಗಳು ಬರುತ್ತವೆ. ಹನ್ನೆರಡು ರಾತ್ರಿಗೆ ನಾಲ್ಕು ಕಡೆ ನಿಲ್ಲಲು ಹೇಳಿ ಮಾಡಿಸಿದ ಹಾಗಿದೆ. ಮಳೆ, ಚಳಿ ನಿಮಗೆ ಇಷ್ಟವಾದರೆ ಒಲಿಂಪಿಕ್. ನದಿಗಳು ನೇರ ಕಡಲಿಗೆ ಬೀಳುವ ಕಾಡು ಬೇಕಾದರೆ ದಕ್ಷಿಣ ಆಫ್ರಿಕಾದ ಟ್ಸಿಟ್ಸಿಕಾಮಾ. ಎಲ್ಲಿಗಾದರೂ ಮೊದಲ ನಿಲ್ದಾಣವನ್ನು ಗಾಡಿ ಪಡೆಯುವ ಊರಿನಿಂದ ಎರಡು ಗಂಟೆಯ ದೂರದೊಳಗೆ ಇಟ್ಟುಕೊಳ್ಳಿ. ಮೊದಲ ದಿನ ಗಾಡಿ ಕಲಿಯುವುದಕ್ಕೇ ಹೋಗುತ್ತದೆ.

ಕೊನೆಗೆ ಮಗಳ ಪ್ರಶ್ನೆ. ಅವಳಿಗೆ ಹೀಗೆ ಹೇಳಿ. ಪುಟ್ಟಿ, ಅನೇಕ ಉದ್ಯಾನಗಳಲ್ಲಿ ಚಿಪ್ಪು ತರುವಂತಿಲ್ಲ ಅಂತ ನಿಯಮವೇ ಇದೆ. ಬಿಸಿ ಕಡಲಿನಲ್ಲಿ ಚಂದದ ಬಣ್ಣದ, ಕೋನ್ ಐಸ್‌ಕ್ರೀಮಿನ ಆಕಾರದ ಶಂಖ ಸಿಕ್ಕರೆ ಮುಟ್ಟಲೇಬೇಡ, ಒಳಗಿರುವ ಹುಳು ಚುಚ್ಚಿದರೆ ಜೀವಕ್ಕೇ ಅಪಾಯ. ಮತ್ತೆ, ಖಾಲಿ ಚಿಪ್ಪು ಖಾಲಿಯಲ್ಲ. ಸನ್ಯಾಸಿ ಏಡಿಗೆ ಹಿಂಭಾಗ ತುಂಬ ಮೆತ್ತಗೆ, ಅದು ಬೇರೆಯವರ ಚಿಪ್ಪಿನಲ್ಲಿ ಸೇರಿಕೊಂಡು ಬದುಕುತ್ತದೆ. ಬೆಳೆದ ಹಾಗೆಲ್ಲ ದೊಡ್ಡ ಮನೆ ಬೇಕು. ಒಂದು ಒಳ್ಳೆ ಚಿಪ್ಪು ಮರಳಿಗೆ ಬಿದ್ದರೆ ಸುತ್ತಲಿನ ಏಡಿಗಳು ಬಂದು ಎತ್ತರದ ಪ್ರಕಾರ ಸಾಲು ನಿಲ್ಲುತ್ತವೆ. ದೊಡ್ಡದು ಹೊಸ ಚಿಪ್ಪಿಗೆ ಹೋದ ಕೂಡಲೇ ಅದು ಬಿಟ್ಟದ್ದಕ್ಕೆ ಎರಡನೆಯದು, ಅದು ಬಿಟ್ಟದ್ದಕ್ಕೆ ಮೂರನೆಯದು. ಕೊನೆಯಲ್ಲಿ ಅತಿ ಸಣ್ಣ ಚಿಪ್ಪೊಂದು ಮರಳಿನ ಮೇಲೆ ಉಳಿಯುತ್ತದೆ. ಚಿಪ್ಪು ಸಿಗದ ಏಡಿಗಳು ಬಾಟಲಿಯ ಮುಚ್ಚಳ ಹೊತ್ತು ಓಡಾಡುವುದನ್ನೂ ನಾನು ನೋಡಿದ್ದೇನೆ. ನಿನಗೆ ಒಂದು ಒಳ್ಳೆ ಚಿಪ್ಪು ಸಿಕ್ಕರೆ ಫೋಟೊ ತೆಗೆದುಕೊಂಡು, ಸಿಕ್ಕಿದ ಜಾಗದಲ್ಲೇ ಇಡು. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಬಂದು, ಅಣ್ಣನನ್ನೂ ಕರೆದು ಕೂರಿಸಿಕೊಂಡು, ಯಾರು ಬರುತ್ತಾರೆ ನೋಡು.